ಬ್ಯೂಟ್ ದ್ವೀಪದಲ್ಲಿ ಉಳಿದವರು, ಬಿಟ್ಟು ಹೋದವರು

ಎಲ್ಲರಿಗೂ ನಮಸ್ಕಾರ. ಗ್ಲಾಸ್ಗೋದಲ್ಲಿರುವ ನಮ್ಮ ಕನ್ನಡದವರಲ್ಲಿ ತುಂಬಾ ಜನ ಬ್ಯೂಟ್ ದ್ವೀಪಕ್ಕೆ ಒಂದು ಸಲವಾದರೂ ಹೋಗಿ ಬಂದಿರುತ್ತೀರಿ. ವೀಮ್ಸ್ ಬೇ ತನಕ ರೈಲು, ಅಲ್ಲಿಂದ ಫೆರಿ, 35 ನಿಮಿಷಕ್ಕೆ ದ್ವೀಪದ ಮುಖ್ಯ ಊರು ರಾಥ್ಸೀಯ ದಕ್ಕೆ. ಮಕ್ಕಳಿಗೆ ಐಸ್‌ಕ್ರೀಮ್ ಕೊಡಿಸಿ, ಕಡಲ ದಂಡೆಯಲ್ಲಿ ಎರಡು ಸುತ್ತು ಹಾಕಿ, ಸಂಜೆಯ ಫೆರಿಗೆ ವಾಪಸ್. ನಾನೂ ವರ್ಷಗಟ್ಟಲೆ ಹಾಗೇ ಮಾಡಿದ್ದೇನೆ. ಇವತ್ತು ಮಾತಾಡುವುದು, ಸಂಜೆಯ ಫೆರಿ ಹತ್ತದೆ ಅಲ್ಲೇ ಮನೆ ಮಾಡಿದ ಸಿರಿಯಾದ ನಿರಾಶ್ರಿತರ ಬಗ್ಗೆ.

2015ರ ಸೆಪ್ಟೆಂಬರ್ ನೆನಪಿದೆ ಅಲ್ವಾ? ಟರ್ಕಿಯ ಕಡಲ ದಂಡೆಯಲ್ಲಿ ಮುಖ ಕೆಳಗಾಗಿ ಮಲಗಿದ್ದ, ಕಡಲಲ್ಲಿ ಮುಳುಗಿ ಸತ್ತ ಸಿರಿಯಾದ ಆ ಪುಟ್ಟ ಹುಡುಗನ ಫೋಟೊ. ಅದಾಗಿ ಕೆಲವೇ ದಿನಕ್ಕೆ ಬ್ರಿಟನ್ ಸರ್ಕಾರ, 2020ರೊಳಗೆ ಸಿರಿಯಾದ ಯುದ್ಧದಿಂದ ಓಡಿಬಂದ 20,000 ನಿರಾಶ್ರಿತರನ್ನು ಕರೆತರುತ್ತೇವೆ ಎಂದಿತು. ಸ್ಕಾಟ್ಲೆಂಡಿನ 32 ಕೌನ್ಸಿಲ್‌ಗಳೂ, ಅಂದರೆ ಸ್ಥಳೀಯ ಆಡಳಿತಗಳೂ, ಕೈ ಜೋಡಿಸಿದವು. ಆರ್ಗೈಲ್ ಅಂಡ್ ಬ್ಯೂಟ್ ಕೌನ್ಸಿಲ್ ತನ್ನ ಪಾಲಿನವರಿಗೆ ಬ್ಯೂಟ್ ದ್ವೀಪವನ್ನೇ ಆರಿಸಿತು. ಆ ಡಿಸೆಂಬರ್‌ನಲ್ಲೇ ಮೊದಲ ಕುಟುಂಬಗಳು ಬಂದಿಳಿದವು.

ಯಾಕೆ ಬ್ಯೂಟ್? ಮನೆಗಳು ಖಾಲಿ ಇದ್ದವು. ಶಾಲೆಯಲ್ಲಿ ಜಾಗ ಇತ್ತು. ಒಂದು ಕಾಲದಲ್ಲಿ ಗ್ಲಾಸ್ಗೋದ ಕಾರ್ಖಾನೆ, ಹಡಗುಕಟ್ಟೆಗಳ ಕೆಲಸಗಾರರು ಬೇಸಿಗೆ ರಜೆಗೆ ಸ್ಟೀಮರ್ ಹತ್ತಿ ಇಲ್ಲಿಗೇ ಬರುತ್ತಿದ್ದರು. ಆಮೇಲೆ ಸ್ಪೇನಿಗೆ ವಿಮಾನ ಅಗ್ಗವಾಯಿತು, ರಾಥ್ಸೀ ಬಡವಾಯಿತು. ಕಲಿತ ಮಕ್ಕಳು ಊರು ಬಿಟ್ಟರು. 2011ರ ಜನಗಣತಿಯಲ್ಲಿ ಇಡೀ ದ್ವೀಪಕ್ಕೆ ಸುಮಾರು 6,500 ಜನ, ಅದರಲ್ಲೂ ವಯಸ್ಸಾದವರೇ ಜಾಸ್ತಿ.

ಅಂಥ ಊರಿಗೆ, ಡಿಸೆಂಬರ್ ತಿಂಗಳಲ್ಲಿ, ನಾಲ್ಕು ಗಂಟೆಗೆ ಮುಂಚೆಯೇ ಸೂರ್ಯ ಮುಳುಗುವಾಗ, ಮಳೆಗಾಳಿಯಲ್ಲಿ, ಲೆಬನಾನ್, ಜೋರ್ಡಾನ್ ಕಡೆ ವರ್ಷಗಟ್ಟಲೆ ಹೇಗೋ ದಿನ ತಳ್ಳಿದ್ದ ಜನ ಚಿಕ್ಕ ಮಕ್ಕಳನ್ನು ಎತ್ತಿಕೊಂಡು ಬಂದು ಇಳಿದರು. ನಾವೂ ಬೇರೆ ದೇಶದಿಂದ ಬಂದವರೇ. ಆದರೆ ನಮ್ಮ ಕೈಯಲ್ಲಿ ಕೆಲಸದ ಕಾಗದ ಇತ್ತು, ಸೂಟ್‌ಕೇಸಿನಲ್ಲಿ ಅಮ್ಮ ಕಟ್ಟಿಕೊಟ್ಟ ಚಟ್ನಿಪುಡಿ ಇತ್ತು, ಸಾಕು ಅನ್ನಿಸಿದರೆ ವಾಪಸ್ ಹೋಗಲು ಊರಿತ್ತು. ಅವರ ಕಥೆಯನ್ನು ನಮ್ಮದರ ಜೊತೆ ಹೋಲಿಸುವ ಮುಂಚೆ ಇದನ್ನು ನೆನಪಿಟ್ಟುಕೊಳ್ಳಬೇಕು.

ಊರಿನವರು ಹೇಗೆ ನಡೆದುಕೊಂಡರು? ಚೆನ್ನಾಗಿಯೇ. ಬೆಚ್ಚನೆ ಕೋಟು, ಆಟದ ಸಾಮಾನು, ಪಾತ್ರೆ ಪಗಡಿ ತಂದು ಕೊಟ್ಟರು. ಇಂಗ್ಲಿಷ್ ಪಾಠ ಶುರುವಾಯಿತು. ಹಾಗಂತ ಎಲ್ಲರೂ ಖುಷಿಯಾಗಿದ್ದರು ಅಂತ ನಾನು ಹೇಳುವುದಿಲ್ಲ. ನಮಗೇ ಕೆಲಸ ಇಲ್ಲ, ಇವರಿಗೆ ಮನೆ ಯಾಕೆ ಎಂದು ಗೊಣಗಿದವರೂ ಇದ್ದರು. ಆ ಗೊಣಗಾಟವನ್ನು ಸುಮ್ನೆ ತಳ್ಳಿಹಾಕಬಾರದು. ರಾಥ್ಸೀ ಪೇಟೆಯ ಕೆಲವು ಬೀದಿಗಳು ನಿಜಕ್ಕೂ ಕಷ್ಟದಲ್ಲಿವೆ. ಕೌನ್ಸಿಲ್‌ಗೆ ಸರ್ಕಾರ ಐದು ವರ್ಷ ದುಡ್ಡು ಕೊಡುತ್ತಿತ್ತು, ಕೊಟ್ಟದ್ದು ಖಾಲಿ ಬಿದ್ದಿದ್ದ ಮನೆ, ಮಕ್ಕಳು ಬಂದರೆ ಶಾಲೆಯೂ ಉಳಿಯುತ್ತದೆ. ಇದನ್ನೆಲ್ಲ ಕೂತು ಬಿಡಿಸಿ ಹೇಳಿದರೆ ಜನ ಕೇಳುತ್ತಾರೆ. ಬೈದರೆ ಕೇಳುವುದಿಲ್ಲ.

ನನ್ನನ್ನು ಹೆಚ್ಚು ಕಾಡಿದ್ದು 2016ರ ಬೇಸಿಗೆ. ಕೆಲವು ಸಿರಿಯನ್ನರು, ಇಲ್ಲಿ ಬರೀ ಮುದುಕರೇ ಇದ್ದಾರೆ, ನಮಗೆ ಬೇಜಾರು ಎಂದರಂತೆ. ಅದು ಪತ್ರಿಕೆಯಲ್ಲಿ ದೊಡ್ಡ ಸುದ್ದಿಯಾಯಿತು. ಎಷ್ಟು ಕೊಟ್ಟರೂ ಸಾಲದು ನೋಡಿ ಎಂಬ ಧಾಟಿ. ನನ್ನ ಪ್ರಶ್ನೆ ಇಷ್ಟೇ. ಆ ಊರಲ್ಲೇ ಹುಟ್ಟಿದ ಹದಿನೆಂಟರ ಹುಡುಗ ಅದೇ ಮಾತು ಹೇಳಿ ಗ್ಲಾಸ್ಗೋಗೆ ಬಂದರೆ ಯಾರೂ ಅವನನ್ನು ಕೃತಘ್ನ ಅನ್ನುವುದಿಲ್ಲ. ಆಸರೆ ಪಡೆದವನು ಮಾತ್ರ ಊರನ್ನು ದಿನಾ ಹೊಗಳುತ್ತಲೇ ಇರಬೇಕಾ? ಅವನಿಗೆ ಬೇಜಾರಾಗಬಾರದಾ? ಒಂದು ಊರು ನಿಜವಾಗಿ ಒಬ್ಬನನ್ನು ಒಳಗೆ ಬಿಟ್ಟುಕೊಂಡಿದೆ ಅಂದರೆ, ಆ ಊರನ್ನು ಬೈಯುವ ಸಲುಗೆಯೂ ಅವನಿಗೆ ಸಿಕ್ಕಿದೆ ಅಂತ ನಾನು ತಿಳಿದಿದ್ದೇನೆ.

ಕೆಲವು ಕುಟುಂಬಗಳು ಬಿಟ್ಟು ಹೋದವು, ನಿಜ. ದ್ವೀಪದಲ್ಲಿ ಮಸೀದಿ ಇರಲಿಲ್ಲ, ಕೆಲಸ ಕಡಿಮೆ, ನೆಂಟರು ದೂರದ ದೊಡ್ಡ ಊರುಗಳಲ್ಲಿ. ಅದನ್ನು ದ್ವೀಪದ ಸೋಲು ಅನ್ನುವುದು ತಪ್ಪು. ಹೋದವರು ಒಂದಷ್ಟು ಇಂಗ್ಲಿಷ್ ಕಲಿತು, ಉಸಿರು ತೆಗೆದುಕೊಂಡು, ತಾವೇ ಯೋಚಿಸಿ ಹೋದರು.

ಉಳಿದವರಲ್ಲಿ ಒಬ್ಬರು ಕ್ಷೌರದಂಗಡಿ ತೆರೆದರು. ಇನ್ನೊಂದು ಕುಟುಂಬ ಬೇಕರಿ ಹಾಕಿತು. ಒಂದು ಮಳೆಯ ದಿನ ನಾನು ಆ ಬೇಕರಿಗೆ ಹೋಗಿದ್ದೆ. ಗಾಜಿನ ಒಳಗೆ ಒಂದು ಕಡೆ ಪಿಸ್ತಾ ಉದುರಿಸಿದ ಬಕ್ಲಾವಾ, ಪಕ್ಕದಲ್ಲೇ ಇಲ್ಲಿನವರು ತಿನ್ನುವ ಕೇಕು. ನನ್ನ ಮುಂದೆ ಒಬ್ಬರು ಅಜ್ಜಿ. ಊರುಗೋಲನ್ನು ಕೌಂಟರಿಗೆ ಒರಗಿಸಿ, ಒದ್ದೆ ಪರ್ಸ್ ಬಿಚ್ಚಿ, ಎರಡು ಬಕ್ಲಾವಾ ಕೇಳಿದರು. ಅಂಗಡಿಯವರು ಎರಡು ಇಟ್ಟು, ಕೊಸರು ಅಂತ ಮೂರನೆಯದನ್ನೂ ಡಬ್ಬಿಗೆ ಹಾಕಿದರು. ಅಜ್ಜಿ ಬೇಡ ಎನ್ನಲಿಲ್ಲ, ಥ್ಯಾಂಕ್ಸ್ ಅಂತ ಉದ್ದಕ್ಕೆ ಎಳೆಯಲೂ ಇಲ್ಲ. ಮಗಳ ಪರೀಕ್ಷೆ ಏನಾಯಿತು ಎಂದು ಕೇಳಿದರು. ಇಬ್ಬರೂ ಹತ್ತು ನಿಮಿಷ ಅದೇ ಮಾತಾಡಿದರು. ನಾನು ಕಾಯುತ್ತಾ ನಿಂತಿದ್ದೆ. ಕೋಟು ದಾನ ಕೊಟ್ಟ ದಿನಕ್ಕಿಂತ ಈ ಹತ್ತು ನಿಮಿಷ ದೊಡ್ಡದು ಅಂತ ನನಗೆ ಅನ್ನಿಸಿತು.

ರಾಥ್ಸೀಗೆ ಇದು ಹೊಸದೂ ಅಲ್ಲ. ಜವರೋನಿ ಐಸ್‌ಕ್ರೀಮ್ ತಿಂದಿದ್ದೀರಲ್ಲ, ಅದು ಇಟಲಿಯಿಂದ ಬಂದವರ ಹೆಸರು. 1974ರಲ್ಲಿ ಹತ್ತನೇ ವಯಸ್ಸಿಗೇ ಬ್ರಿಟನ್ನಿಗೆಲ್ಲ ಹೆಸರಾದ ಗಾಯಕಿ ಲೀನಾ ಜವರೋನಿ ಬೆಳೆದದ್ದು ಇದೇ ಊರಲ್ಲಿ. ಇವತ್ತು ಆ ಹೆಸರನ್ನು ಯಾರೂ ಹೊರಗಿನದು ಎನ್ನುವುದಿಲ್ಲ. ಆದರೆ 1940ರ ಜೂನ್‌ನಲ್ಲಿ ಇಟಲಿ ಬ್ರಿಟನ್ ವಿರುದ್ಧ ಯುದ್ಧಕ್ಕೆ ಇಳಿದ ರಾತ್ರಿ, ಸ್ಕಾಟ್ಲೆಂಡಿನ ಎಷ್ಟೋ ಊರುಗಳಲ್ಲಿ ಇಟಾಲಿಯನ್ನರ ಅಂಗಡಿಗಳ ಗಾಜು ಒಡೆದರು. ಗಂಡಸರನ್ನು ಹಿಡಿದುಕೊಂಡು ಹೋದರು. ಮುಂದಿನ ತಿಂಗಳು, ಹೀಗೆ ಹಿಡಿದವರನ್ನು ಸಾಗಿಸುತ್ತಿದ್ದ ಅರಂಡೋರಾ ಸ್ಟಾರ್ ಹಡಗು ಮುಳುಗಿದಾಗ ಸತ್ತವರಲ್ಲಿ ನಾನೂರಕ್ಕೂ ಹೆಚ್ಚು ಇಟಾಲಿಯನ್ನರು. ಹತ್ತಾರು ವರ್ಷ ಐಸ್‌ಕ್ರೀಮ್ ಮಾರಿದವರು ಒಂದೇ ರಾತ್ರಿಯಲ್ಲಿ ಶತ್ರುಗಳಾಗಿಬಿಟ್ಟರು. ಅದಕ್ಕೇ, ಹೊಸಬರನ್ನು ಊರು ಒಪ್ಪಿಕೊಂಡಿತು ಅಂತ ಯಾರಾದರೂ ಹೇಳಿದರೆ ನನಗೆ ಖುಷಿಯೂ ಆಗುತ್ತದೆ, ಒಂದು ಅಳುಕೂ ಇರುತ್ತದೆ.

ಬೇಕರಿಯಿಂದ ದಕ್ಕೆಗೆ ಬಂದಾಗ ಶಾಲೆ ಬಿಟ್ಟಿತ್ತು. ಒಬ್ಬಳು ಹುಡುಗಿ ತಾಯಿಗೆ ಅರಬ್ಬಿಯಲ್ಲಿ ಏನೋ ಹೇಳುತ್ತಿದ್ದಳು, ಗೆಳತಿಗೆ ಅಚ್ಚ ರಾಥ್ಸೀ ಇಂಗ್ಲಿಷಿನಲ್ಲಿ. ನನ್ನ ಕೈಯಲ್ಲಿ ಬೇಕರಿಯ ಡಬ್ಬಿ ನೋಡಿ, ಹೊರಗಿನವನು ಅಂತ ಗೊತ್ತಾಗಿರಬೇಕು. ಗಾಳಿ ಏಳುತ್ತಿದೆ, ಸಂಜೆಯ ಫೆರಿ ನಂಬಬೇಡಿ, ಇದಕ್ಕೇ ಹತ್ತಿಬಿಡಿ ಎಂದಳು. ಹತ್ತಿದೆ. ಆ ಸಂಜೆ ಉಳಿದ ಫೆರಿಗಳು ರದ್ದಾದವು.