ತೋಟದ ಮಳೆ ಪುಸ್ತಕ ನಕ್ಷೆಗೆ ಬರಬೇಕು
(ಮಡಿಕೇರಿಯಲ್ಲಿ ಪದವಿ ವಿದ್ಯಾರ್ಥಿಗಳ ಜಿಐಎಸ್, ಅಂದರೆ ಕಂಪ್ಯೂಟರ್‌ನಲ್ಲಿ ನಕ್ಷೆ ಮಾಡುವ ವಿದ್ಯೆಯ, ಕಾರ್ಯಾಗಾರದ ಮೊದಲ ಉಪನ್ಯಾಸ)

ಎಲ್ಲರಿಗೂ ನಮಸ್ಕಾರ.

ಈ ಕಾರ್ಯಾಗಾರದಲ್ಲಿ ನೀವು ಕ್ಯೂಜಿಐಎಸ್ ಎಂಬ ನಕ್ಷೆ ತಂತ್ರಾಂಶ ಕಲಿಯುತ್ತೀರಿ, ಉಪಗ್ರಹ ಚಿತ್ರ ಇಳಿಸಿಕೊಳ್ಳುತ್ತೀರಿ, ನಕ್ಷೆ ಮಾಡುತ್ತೀರಿ. ಅದನ್ನು ಹೇಳಿಕೊಡಲು ಬೇರೆಯವರಿದ್ದಾರೆ. ನಾನು ಹೇಳಬೇಕೆಂದಿರುವುದು ಒಂದೇ ಮಾತು. ಕೊಡಗಿನ ಮಳೆಯ ಲೆಕ್ಕ ನಮ್ಮ ಮನೆಗಳ ಕಪಾಟಿನಲ್ಲಿರುವ ಮಳೆ ಪುಸ್ತಕಗಳಲ್ಲೇ ಇದೆ. ಅದನ್ನು ನಕ್ಷೆಗೆ ತರುವವರು ನೀವೇ ಆಗಬೇಕು.

ನಮ್ಮ ಜಿಲ್ಲೆಯ ಭೂಕುಸಿತಗಳನ್ನು ನೆನೆಸಿಕೊಳ್ಳಿ. 2018ರ ಆಗಸ್ಟ್‌ನಲ್ಲಿ ಮಕ್ಕಂದೂರು, ಜೋಡುಪಾಲ, ಮೊಣ್ಣಂಗೇರಿ. 2019ರಲ್ಲಿ ತೋರ. 2020ರಲ್ಲಿ ತಲಕಾವೇರಿಯ ಬ್ರಹ್ಮಗಿರಿ. ಇಲ್ಲಿರುವ ಯಾರಿಗೂ ಇವನ್ನು ವಿವರಿಸಬೇಕಾಗಿಲ್ಲ. ಹೈದರಾಬಾದಿನ ರಾಷ್ಟ್ರೀಯ ದೂರಸಂವೇದಿ ಕೇಂದ್ರ 2023ರಲ್ಲಿ ದೇಶದ ಭೂಕುಸಿತಗಳ ಅಟ್ಲಾಸ್ ಹೊರತಂದಿತು. ಅದರಲ್ಲಿ 147 ಜಿಲ್ಲೆಗಳ ಪಟ್ಟಿ ಇದೆ, ಕೊಡಗು 12ನೇ ಸ್ಥಾನದಲ್ಲಿದೆ. ಆದರೆ ಗುಡ್ಡ ಎಷ್ಟು ಜರಿಯುತ್ತದೆ ಅನ್ನುವುದೊಂದೇ ಆ ಪಟ್ಟಿಗೆ ಆಧಾರವಲ್ಲ. ಕುಸಿತದ ದಾರಿಯಲ್ಲಿ ಎಷ್ಟು ಜನ, ಎಷ್ಟು ಮನೆ, ರಸ್ತೆ, ದನಕರು ಇವೆ ಅನ್ನುವುದನ್ನೂ ಸೇರಿಸಿ ಲೆಕ್ಕ ಹಾಕಿದ್ದಾರೆ. ಯಾವುದೇ ನಕ್ಷೆ ಸಿಕ್ಕಿದರೂ ಮೊದಲು ಅದು ಏನನ್ನು ಅಳೆದಿದೆ ಅಂತ ಕೇಳಿ. ಬಣ್ಣ ನೋಡುವುದು ಆಮೇಲೆ.

ಇಳಿಜಾರಿನ ನಕ್ಷೆಯನ್ನೇ ತೆಗೆದುಕೊಳ್ಳಿ. ಉಚಿತವಾಗಿ ಸಿಗುವ ಎತ್ತರದ ಡೇಟಾದಲ್ಲಿ ಸಾಮಾನ್ಯವಾಗಿ ಒಂದು ಚೌಕ 30 ಮೀಟರ್ ಉದ್ದ, 30 ಮೀಟರ್ ಅಗಲ. ನಮ್ಮ ಲೆಕ್ಕದಲ್ಲಿ ಸುಮಾರು 22 ಸೆಂಟ್ ಜಾಗ. ಮನೆ, ಅಂಗಳ, ಕಾಫಿ ಕಣ, ಹಿಂದಿನ ಬರೆ (ಗುಡ್ಡ ಕಡಿದಾಗ ಉಳಿಯುವ ಮಣ್ಣಿನ ಗೋಡೆ), ಎಲ್ಲಕ್ಕೂ ಸೇರಿ ಒಂದೇ ಸಂಖ್ಯೆ! ನಾವು ಮನೆ ಕಟ್ಟಲು ಗುಡ್ಡ ಕಡಿದು ಮಟ್ಟ ಮಾಡುತ್ತೇವೆ. ಹಿಂದೆ ಹತ್ತು ಹದಿನೈದು ಅಡಿ ಬರೆ ಕಡಿದಾಗಿ ನಿಲ್ಲುತ್ತದೆ. ಜೋರು ಮಳೆಗೆ ಅಡುಗೆಮನೆಯ ಮೇಲೆ ಬೀಳುವುದು ಅದೇ ಬರೆ ಅಲ್ವಾ? ಆ ಚೌಕದಲ್ಲಿ ಅದು ಕಾಣುವುದಿಲ್ಲ. 20 ಮೀಟರ್ ಅಂತರದಲ್ಲಿ ಎಳೆದ ಸಮೋನ್ನತಿ ರೇಖೆಗಳಲ್ಲೂ (ಒಂದೇ ಎತ್ತರದ ಜಾಗಗಳನ್ನು ಸೇರಿಸುವ ಗೆರೆಗಳು) ಕಾಣುವುದಿಲ್ಲ. ಹೋಗಿ ಟೇಪ್ ಹಿಡಿದೇ ಅಳೆಯಬೇಕು.

ಮೇಲಿನಿಂದ ನೋಡಿದರೆ ನೆರಳಿನ ಮರಗಳಿರುವ ಕಾಫಿ ತೋಟ ಕಾಡಿನ ಹಾಗೇ ಕಾಣುತ್ತದೆ. ಕುಸಿದ ಜಾಗದಲ್ಲಿ ಒಂದೆರಡು ಮಳೆಗಾಲ ಕಳೆದರೆ ಹುಲ್ಲು, ಜರೀಗಿಡ ಬಂದು ಚಿತ್ರದಲ್ಲಿ ಹಸಿರಾಗಿಬಿಡುತ್ತದೆ. ಮಳೆಗಾಲದಲ್ಲಿ ಸೆಂಟಿನೆಲ್-2 ಉಪಗ್ರಹದ ಚಿತ್ರ ಇಳಿಸಿದರೆ ಬಹುಪಾಲು ಬರೀ ಮೋಡ. ಸೆಂಟಿನೆಲ್-1 ಉಪಗ್ರಹದ ರೇಡಾರ್ ಮೋಡದಾಚೆಗೂ ನೋಡುತ್ತದೆ ನಿಜ, ಆದರೆ ಕಡಿದಾದ ಗುಡ್ಡದಲ್ಲಿ ಅದಕ್ಕೂ ಮರೆಯಾಗುವ ಜಾಗಗಳಿವೆ. ಹಾಗಂತ ಇವನ್ನು ಬಿಡಬೇಕಾಗಿಲ್ಲ. 2018ರ ಕುಸಿತಗಳನ್ನು ಇಡೀ ಜಿಲ್ಲೆಯಲ್ಲಿ ಗುರುತಿಸಬೇಕು ಅಂದರೆ ಉಪಗ್ರಹವಿಲ್ಲದೆ ಕೆಲಸ ಸಾಗುವುದಿಲ್ಲ.

ಈಗ ಮಳೆಗೆ ಬರೋಣ. ನನ್ನ ಮಾತಿನ ಮುಖ್ಯ ಭಾಗ ಇದು.

ಹವಾಮಾನ ಇಲಾಖೆಯ ದಿನವಾರು ಮಳೆಯ ಗ್ರಿಡ್ ಡೇಟಾ, ಅಂದರೆ ಪ್ರದೇಶವನ್ನು ಚೌಕಗಳಾಗಿ ಹಂಚಿ ಕೊಡುವ ಲೆಕ್ಕ, ಸಂಶೋಧನೆಯಲ್ಲಿ ತುಂಬಾ ಬಳಕೆಯಲ್ಲಿದೆ. ಅದರ ಒಂದು ಚೌಕ ಕಾಲು ಡಿಗ್ರಿ, ಅಂದರೆ ಸುಮಾರು 27 ಕಿಲೋಮೀಟರ್. ಕೊಡಗಿನ ವಿಸ್ತೀರ್ಣ 4,102 ಚದರ ಕಿಲೋಮೀಟರ್. ಐದಾರು ಚೌಕಗಳಲ್ಲಿ ಜಿಲ್ಲೆಯೇ ಮುಗಿಯಿತು. ಭಾಗಮಂಡಲದ ಜೋರು ಮಳೆಗೂ ಕುಶಾಲನಗರದ ಕಡಿಮೆ ಮಳೆಗೂ ಎಷ್ಟು ಪಟ್ಟು ವ್ಯತ್ಯಾಸ ಅಂತ ನಿಮಗೆ ಗೊತ್ತೇ ಇದೆ. ಒಂದೇ ಊರಿನಲ್ಲಿ ಗುಡ್ಡದ ಈಚೆ ಕಾಫಿ ಹೂ ಅರಳಿಸುವ ಹೂಮಳೆ ಸಿಕ್ಕಿ, ಆಚೆ ತೋಟದವರು ಸ್ಪ್ರಿಂಕ್ಲರ್ ಹಾಕುವುದನ್ನೂ ನೋಡಿದ್ದೀರಿ. ಅಷ್ಟು ದೊಡ್ಡ ಚೌಕಕ್ಕೆ ಇದು ಹೇಗೆ ಗೊತ್ತಾಗಬೇಕು? ಉಪಗ್ರಹದ ಮಳೆ ಅಂದಾಜು ಇನ್ನೂ ಸಣ್ಣ ಚೌಕದಲ್ಲಿ ಸಿಗುತ್ತದೆ. ಆದರೆ ಪಶ್ಚಿಮ ಘಟ್ಟದ ಅಂಚಿನಲ್ಲಿ ತಗ್ಗಿನ ಮೋಡಗಳಿಂದ ಸುರಿಯುವ ಮಳೆಯನ್ನು ಅದು ಎಷ್ಟೋ ಸಲ ಕಡಿಮೆ ತೋರಿಸುತ್ತದೆ.

ನಮ್ಮ ತೋಟದ ಮನೆಗಳಲ್ಲಿ ಮಳೆಮಾಪಕ ಇಟ್ಟು, ದಿನಾ ಬೆಳಿಗ್ಗೆ ಅಳೆದು, ಇಂಚು ಮತ್ತು ಸೆಂಟ್‌ಗಳಲ್ಲಿ ಬರೆದಿಡುವ ಅಭ್ಯಾಸ ತಲೆಮಾರುಗಳಿಂದ ಇದೆ. ಅಜ್ಜ ಬರೆದರು, ಅಪ್ಪ ಬರೆದರು, ಈಗ ತೋಟದ ಲೆಕ್ಕ ನೋಡುವ ರೈಟರ್ ಬರೆಯುತ್ತಾರೆ. ಇದು ಚಿನ್ನದಂಥ ದಾಖಲೆ. ಭೂಕುಸಿತಕ್ಕೆ ಆ ದಿನದ ಮಳೆ ಮಾತ್ರ ಕಾರಣವಲ್ಲ. ಹಿಂದಿನ ವಾರಗಳ ಮಳೆಯಿಂದ ಮಣ್ಣು ಎಷ್ಟು ನೀರು ಕುಡಿದಿತ್ತು ಅನ್ನುವುದೂ ಅಷ್ಟೇ ಮುಖ್ಯ. ಅದನ್ನು ತಿಳಿಯಲು ದಿನ ಬಿಡದೆ ಬರೆದ ಲೆಕ್ಕವೇ ಬೇಕು.

ಆದರೆ ಸುಮ್ನೆ ಪುಟದ ಫೋಟೊ ತೆಗೆದರೆ ಸಾಲದು. ಒಂದು ಸಾಲು ನೋಡಿ: ‘ಜುಲೈ 14, 2 ಇಂಚು 35 ಸೆಂಟ್’ ಅಂತ ಇದೆ ಅಂದುಕೊಳ್ಳಿ. ನೂರು ಸೆಂಟ್‌ಗೆ ಒಂದು ಇಂಚು, ಒಂದು ಇಂಚಿಗೆ 25.4 ಮಿಲಿಮೀಟರ್. ಹಾಗಾಗಿ ಇದು ಸುಮಾರು 59.7 ಮಿಲಿಮೀಟರ್. ಅಷ್ಟು ಸುಲಭ. ಕಷ್ಟ ಇರುವುದು ತಾರೀಕಿನಲ್ಲಿ. 14ರ ಬೆಳಿಗ್ಗೆ ಅಳೆದ ಮಳೆಯಲ್ಲಿ ಜಾಸ್ತಿ ಪಾಲು 13ರಂದೇ ಸುರಿದಿರುತ್ತದೆ. ಕೆಲವರು ಅದನ್ನು 13ಕ್ಕೆ ಬರೆಯುತ್ತಾರೆ, ಕೆಲವರು 14ಕ್ಕೆ. ಹವಾಮಾನ ಇಲಾಖೆ ಅಳೆಯುವುದು ಬೆಳಿಗ್ಗೆ 8.30ಕ್ಕೆ. ನಿಮ್ಮ ಮನೆಯಲ್ಲಿ ಎಷ್ಟು ಗಂಟೆಗೆ? ಇದನ್ನು ಬರೆದವರನ್ನೇ ಕೇಳಬೇಕು. ಅವರು ಇರುವಾಗಲೇ ಕೇಳಬೇಕು.

ಮಳೆಮಾಪಕದ ಜಾಗವನ್ನೂ ನೋಡಿ. ಪಕ್ಕದ ಮರ ಎಷ್ಟು ಎತ್ತರವೋ, ಕನಿಷ್ಠ ಅದರ ಎರಡರಷ್ಟು ದೂರದಲ್ಲಿ ಮಾಪಕ ಇರಬೇಕು. ಅಂಗಳದ ಸಿಲ್ವರ್ ಓಕ್ ಬೆಳೆಯುತ್ತಾ ಹೋದ ಹಾಗೆ ಅಳತೆ ಕಡಿಮೆಯಾಗುತ್ತಾ ಬಂದಿರಬಹುದು. ಮಳೆಯೇ ಕಡಿಮೆಯಾಯಿತು ಅಂತ ತಪ್ಪು ತಿಳಿಯುವ ಅಪಾಯ ಅಲ್ಲಿದೆ. ಮಾಪಕವನ್ನು ಯಾವಾಗಲಾದರೂ ಬೇರೆ ಕಡೆ ಇಟ್ಟಿದ್ದರೆ ಆ ವರ್ಷವನ್ನೂ ಗುರುತು ಮಾಡಿಕೊಳ್ಳಿ. ಮೊಬೈಲ್‌ನಲ್ಲಿ ಲೊಕೇಶನ್ ತೆಗೆಯುವಾಗ ಮರದಡಿ ಅವಸರ ಮಾಡಬೇಡಿ. ಒಂದೆರಡು ನಿಮಿಷ ನಿಲ್ಲಿ, ಸಂಖ್ಯೆ ಅಲುಗಾಡುವುದು ಕಡಿಮೆಯಾದ ಮೇಲೆ ಬರೆದುಕೊಳ್ಳಿ.

ನಾಳೆ ಬರುವಾಗ ಮನೆಯವರ ಒಪ್ಪಿಗೆ ಪಡೆದು ಮಳೆ ಪುಸ್ತಕ ತನ್ನಿ. ಪುಸ್ತಕ ಕೊಡಲು ಅವರಿಗೆ ಮನಸ್ಸಿಲ್ಲದಿದ್ದರೆ ಒತ್ತಾಯ ಬೇಡ, ಪುಸ್ತಕದ ಬದಲು ಪುಟಗಳ ಫೋಟೊ ತನ್ನಿ. ತೋಟ ಇಲ್ಲದವರು ಪಕ್ಕದ ಮನೆಯಲ್ಲಿ ವಿಚಾರಿಸಿ. ಮೊದಲು 2018ರ ಜೂನ್‌ನಿಂದ ಆಗಸ್ಟ್‌ವರೆಗಿನ ಪುಟಗಳನ್ನು ಟೈಪ್ ಮಾಡೋಣ. ಹಳೆಯ ವರ್ಷಗಳಿಗೆ ಆಮೇಲೆ ಕೈ ಹಾಕೋಣ.