ಬಿಸಿಲ ಸೀಮೆಯಲ್ಲಿ ಹಳೆಯ ಸಣ್ಣ ಕಾರು

ಕೇಳುಗರೆಲ್ಲರಿಗೂ ನಮಸ್ಕಾರ.

ಸಿಂಧನೂರು, ಮಾನ್ವಿ, ಗಂಗಾವತಿಯ ಕಡೆ ಭತ್ತದ ಹಣ ಕೈಗೆ ಬಂದಾಗ ಆಲ್ಟೊ, ವ್ಯಾಗನ್‌ಆರ್, ಸ್ಯಾಂಟ್ರೊ, ಐ10ರಂತಹ ಸೆಕೆಂಡ್ ಹ್ಯಾಂಡ್ ಕಾರುಗಳನ್ನು ಕೊಳ್ಳುವವರು ಹಲವರಿದ್ದಾರೆ. ಅವರಲ್ಲಿ ಎಷ್ಟೋ ಮನೆಗಳಿಗೆ ಅದೇ ಮೊದಲ ಕಾರು. ಮಾತುಕತೆಯೆಲ್ಲ ಬಣ್ಣ, ಸೀಟು, ಮ್ಯೂಸಿಕ್ ಸಿಸ್ಟಮ್ಮಿನ ಸುತ್ತಲೇ ಮುಗಿಯುತ್ತದೆ. ಬಾನೆಟ್ ಎತ್ತಿ, ಇಂಜಿನ್ನಿನ ನೀರನ್ನು ತಣಿಸುವ ರೇಡಿಯೇಟರಿನ ಮುಚ್ಚಳ ತೆಗೆದು ನೋಡುವವರು ಕಡಿಮೆ. ಏಪ್ರಿಲ್, ಮೇ ತಿಂಗಳಲ್ಲಿ 40 ಡಿಗ್ರಿ ದಾಟುವ ನಮ್ಮ ಭಾಗದಲ್ಲಿ ನೋಡಬೇಕಾದ ಮೊದಲ ಜಾಗವೇ ಅದು ಎಂದು ನಾನು ದೃಢವಾಗಿ ನಂಬಿದ್ದೇನೆ.

ರೇಡಿಯೇಟರಿನಲ್ಲಿ ಬರಿಯ ನೀರಿರಬಾರದು, ಕೂಲಂಟ್ ಬೆರೆತಿರಬೇಕು. ಕೂಲಂಟ್ ತುಕ್ಕನ್ನು ತಡೆಯುತ್ತದೆ, ನೀರು ಬೇಗ ಕುದಿಯದಂತೆಯೂ ನೋಡಿಕೊಳ್ಳುತ್ತದೆ. ಆದರೆ ನಮ್ಮಲ್ಲಿ ನೀರು ಕಡಿಮೆಯಾದಾಗಲೆಲ್ಲ ಕೈಗೆ ಸಿಕ್ಕ ಬೋರ್‌ವೆಲ್ ನೀರನ್ನೇ ಸುರಿಯುವ ರೂಢಿಯಿದೆ. ಆ ಗಡಸು ನೀರಿನ ಸುಣ್ಣದ ಅಂಶ ರೇಡಿಯೇಟರಿನ ಸಣ್ಣ ಕೊಳವೆಗಳ ಒಳಗೆ ಪದರಗಟ್ಟಿ, ವರ್ಷಗಳು ಕಳೆದಂತೆ ದಾರಿಯನ್ನೇ ಮುಚ್ಚುತ್ತದೆ. ಆಗ ಇಂಜಿನ್ ಕಾಯತೊಡಗುತ್ತದೆ. ಕಾಯುವುದಕ್ಕೆ ಕಾರಣ ಹುಡುಕುವ ಬದಲು ಕೆಲವರು ಥರ್ಮೋಸ್ಟಾಟನ್ನೇ ಕಿತ್ತು ಹಾಕಿಸುತ್ತಾರೆ. ಇಂಜಿನ್ ತಕ್ಕಷ್ಟು ಬಿಸಿಯಾದ ಮೇಲಷ್ಟೇ ರೇಡಿಯೇಟರಿನತ್ತ ನೀರನ್ನು ಬಿಡುವ ಈ ಕವಾಟ ಇಲ್ಲವಾದರೆ ಇಂಜಿನ್ ಸರಿಯಾದ ಬಿಸಿಗೆ ಬರಲು ತಡವಾಗುತ್ತದೆ, ಪೆಟ್ರೋಲ್ ಹೆಚ್ಚು ಕುಡಿಯುತ್ತದೆ, ಮೂಲ ದೋಷವಂತೂ ಹಾಗೆಯೇ ಉಳಿಯುತ್ತದೆ.

ಸಾಲದ್ದಕ್ಕೆ, ಈ ಕಾರುಗಳ ಇಂಜಿನ್ ಹೆಡ್, ಅಂದರೆ ಸಿಲಿಂಡರುಗಳನ್ನು ಮೇಲಿನಿಂದ ಮುಚ್ಚುವ ಭಾಗ, ಅಲ್ಯೂಮಿನಿಯಂನದು. ಮಿತಿಮೀರಿ ಕಾದರೆ ಸೊಟ್ಟಗಾಗುತ್ತದೆ. ಹೆಡ್ಡಿನ ಅಡಿಯಲ್ಲಿ ಸೋರದಂತೆ ಕೂರಿಸಿರುವ ಹೆಡ್ ಗ್ಯಾಸ್ಕೆಟ್ ಹೋಗಿ ನೀರು ಆಯಿಲಿಗೆ ಸೇರಿದರೆ, ಆಯಿಲ್ ತುಂಬುವ ಮುಚ್ಚಳದ ಒಳಬದಿಯಲ್ಲಿ ಮಜ್ಜಿಗೆಯಂತಹ ಬಿಳಿಯ ಜಿಡ್ಡು ಅಂಟಿರುತ್ತದೆ. ಇಂಜಿನ್ ಬಿಸಿಯಾದ ಮೇಲೂ ಸೈಲೆನ್ಸರಿನಿಂದ ಬಿಳಿಯ ಹೊಗೆ ಬಿಡದೆ ಬರುತ್ತಿದ್ದರೆ ಅದೂ ಇದರದೇ ಗುರುತು. ಹೆಡ್ ಇಳಿಸಿ, ಅದರ ಮೈಯನ್ನು ಸಮತಟ್ಟು ಮಾಡುವ ಫೇಸಿಂಗ್ ಮಾಡಿಸಿ, ಹೊಸ ಗ್ಯಾಸ್ಕೆಟ್ ಕೂರಿಸುವುದಕ್ಕೆ ಹೊರಗಿನ ಗ್ಯಾರೇಜಿನಲ್ಲಿಯೂ ಹತ್ತು ಸಾವಿರ ರೂಪಾಯಿಯ ಆಸುಪಾಸು ಆಗಬಹುದು. ಸಿಲಿಂಡರಿನ ಒಳಗಿನ ಪಿಸ್ಟನ್, ಅದರ ರಿಂಗುಗಳವರೆಗೆ ಕೆಲಸ ಹೋದರೆ ಮೂವತ್ತು ಸಾವಿರವನ್ನೂ ದಾಟಬಹುದು. ಇದನ್ನೆಲ್ಲ ತಪ್ಪಿಸಬಲ್ಲ ರೇಡಿಯೇಟರ್ ಬದಲಾವಣೆ ಮೂರರಿಂದ ಆರು ಸಾವಿರದೊಳಗೆ ಮುಗಿಯುತ್ತದೆ, ಥರ್ಮೋಸ್ಟಾಟಿಗೆ ತಗಲುವುದು ಕೆಲವೇ ನೂರು ರೂಪಾಯಿ. ಇವೆಲ್ಲ ಅಂದಾಜುಗಳು. ಮಾಡೆಲ್ಲಿಗೆ, ಬಿಡಿಭಾಗದ ಕಂಪನಿಗೆ ತಕ್ಕಂತೆ ಹೆಚ್ಚುಕಡಿಮೆ ಇರುತ್ತದೆ.

ಆದ್ದರಿಂದ ಕಾರು ನೋಡಲು ಬೆಳಿಗ್ಗೆಯೇ ಹೋಗಿ, ಇಂಜಿನ್ ಪೂರ್ತಿ ತಣ್ಣಗಿರುವಾಗ ರೇಡಿಯೇಟರಿನ ಮುಚ್ಚಳ ತೆಗೆಸಿರಿ. ಬಿಸಿಯಿದ್ದಾಗ ತೆಗೆದರೆ ಕುದಿನೀರು ಮುಖಕ್ಕೆ ಚಿಮ್ಮುತ್ತದೆ. ಒಳಗಿನ ನೀರು ತುಕ್ಕಿನ ಬಣ್ಣಕ್ಕೆ ತಿರುಗಿದ್ದರೆ ಹಿಂದೆ ಸರಿಯಿರಿ, ಇಲ್ಲವೇ ದರವನ್ನು ಗಟ್ಟಿಯಾಗಿ ಇಳಿಸಿ ಕೇಳಿರಿ. ಆಮೇಲೆ ಮಧ್ಯಾಹ್ನದ ಬಿಸಿಲಿನಲ್ಲಿ ಎ.ಸಿ. ಹಾಕಿ, ನಿಂತಲ್ಲೇ ಇಪ್ಪತ್ತು ನಿಮಿಷ ಇಂಜಿನ್ ಓಡಿಸಿ ನೋಡಿರಿ. ಫ್ಯಾನ್ ತಿರುಗುತ್ತಿದ್ದು, ತಾಪದ ಮುಳ್ಳು ನಡುವಿನಲ್ಲೇ ನಿಂತರೆ ನೆಮ್ಮದಿ. ಕೆಲವು ಸಣ್ಣ ಕಾರುಗಳಲ್ಲಿ ಮುಳ್ಳೇ ಇಲ್ಲ, ಕೆಂಪು ದೀಪ ಮಾತ್ರವಿದೆ. ಅದು ಹೊತ್ತಿಕೊಳ್ಳುವಷ್ಟರಲ್ಲಿ ಇಂಜಿನ್ ಆಗಲೇ ಅತಿಯಾಗಿ ಕಾದಿರುತ್ತದೆ. ಎ.ಸಿ. ಗಾಳಿ ತಣ್ಣಗಿಲ್ಲದಿದ್ದರೆ "ಗ್ಯಾಸ್ ತುಂಬಿಸಿದರಾಯಿತು" ಎಂಬ ಮಾತನ್ನು ಹಾಗೆಯೇ ನಂಬಬೇಡಿ. ಕಂಪ್ರೆಸರ್ ಕೆಟ್ಟಿದ್ದರೆ ಹತ್ತು ಸಾವಿರಕ್ಕೂ ಮೇಲಾಗುತ್ತದೆ.

ಬಿಸಿಲಿನ ನಂತರದ ಶತ್ರು ದೂಳು. ಸಂಡೂರು, ತೋರಣಗಲ್ಲಿನ ಅದಿರು ಲಾರಿಗಳ ದಾರಿಯಲ್ಲಿ ಓಡಾಡಿದ ಕಾರಿನ ಏರ್ ಫಿಲ್ಟರ್ ಬಿಚ್ಚಿ ನೋಡಿದರೆ ಅದರ ಕಥೆ ತಿಳಿಯುತ್ತದೆ. ಮುನ್ನೂರು, ನಾನೂರು ರೂಪಾಯಿಯ ಫಿಲ್ಟರನ್ನು ಕಾಲಕಾಲಕ್ಕೆ ಬದಲಿಸದೆ ಅದು ಹರಿದಿದ್ದರೆ ದೂಳು ಸಿಲಿಂಡರಿಗೆ ಇಳಿದು ರಿಂಗುಗಳನ್ನು ಸವೆಸುತ್ತದೆ. ಆಗ ಸೈಲೆನ್ಸರಿನಲ್ಲಿ ನೀಲಿ ಹೊಗೆ ಕಾಣಿಸುತ್ತದೆ. ಅಂತಹ ಕಾರನ್ನು ಯಾವ ದರಕ್ಕೂ ಕೊಳ್ಳಬಾರದೆಂಬುದು ನನ್ನ ಖಚಿತ ಅಭಿಪ್ರಾಯ.

ಕ್ಲಚ್ ಸೆಟ್ಟಿಗೆ ಕೂಲಿ ಸೇರಿ ಐದರಿಂದ ಎಂಟು ಸಾವಿರ, ಬ್ಯಾಟರಿಗೆ ನಾಲ್ಕು ಸಾವಿರದ ಸುಮಾರು; ಇವು ಸವೆಯುವ ವಸ್ತುಗಳು, ಚಿಂತೆ ಬೇಡ. ಟೈರಿನ ವಿಷಯ ಹಾಗಲ್ಲ. ಕಡಿಮೆ ಓಡಿದ ಟೈರಿನಲ್ಲಿ ಹಲ್ಲು ಚೆನ್ನಾಗಿಯೇ ಕಾಣಬಹುದು, ಆದರೆ ಬಿಸಿಲಿಗೆ ರಬ್ಬರು ಸೀಳುತ್ತದೆ. ಟೈರಿನ ಪಕ್ಕದಲ್ಲಿ ಅಚ್ಚೊತ್ತಿದ ನಾಲ್ಕು ಅಂಕಿಗಳನ್ನು ಓದಿರಿ: 2317 ಎಂದಿದ್ದರೆ ಅದು 2017ರ 23ನೆಯ ವಾರದಲ್ಲಿ ತಯಾರಾದದ್ದು.

ಗಡಿಯಾಚೆಯ ತೆಲಂಗಾಣ, ಆಂಧ್ರದ ನೋಂದಣಿಯ ಕಾರು ರಾಯಚೂರಿನಲ್ಲಿ ಅಗ್ಗವಾಗಿ ಕಂಡರೆ, ಆ ಆರ್.ಟಿ.ಓ. ಕಚೇರಿಯ ನಿರಾಕ್ಷೇಪಣಾ ಪತ್ರ ಸಿಗುತ್ತದೆಯೇ, ಕರ್ನಾಟಕದಲ್ಲಿ ಎಷ್ಟು ತೆರಿಗೆ ಕಟ್ಟಬೇಕಾಗುತ್ತದೆ ಎಂಬುದನ್ನು ಮುಂಗಡ ಕೊಡುವ ಮೊದಲೇ ನಮ್ಮ ಆರ್.ಟಿ.ಓ. ಕಚೇರಿಯಲ್ಲಿ ವಿಚಾರಿಸಿ, ಆ ಮೊತ್ತವನ್ನೂ ಕಾರಿನ ದರಕ್ಕೆ ಕೂಡಿಸಿ ನೋಡಿರಿ. ನಮಸ್ಕಾರ.