ನಕಾಶೆ ಕಂಡ ದಾರಿ: ಗದಗದಿಂದ ಲಕ್ಕುಂಡಿ, ಡಂಬಳ

ಎಲ್ಲರಿಗೂ ನಮಸ್ಕಾರ. ಸ್ವಾಗತ ಮಾಡಿದವರು ನನ್ನನ್ನು ಇತಿಹಾಸ ತಜ್ಞ ಎಂದುಬಿಟ್ಟರು. ಅಲ್ಲ ಮಾರಾಯರೇ. ನಾನು ಮೋಜಣಿ ಇಲಾಖೆಯಲ್ಲಿ, ಅಂದರೆ ಭೂಮಾಪನ ಇಲಾಖೆಯಲ್ಲಿ, ಅಳತೆಯ ಸರಪಳಿ ಎಳೆದು ನಿವೃತ್ತನಾದವನು. ಲಕ್ಕುಂಡಿಯ ಗುಡಿಗಳ ಬಗ್ಗೆ, ಅತ್ತಿಮಬ್ಬೆಯ ಬಸದಿಯ ಬಗ್ಗೆ ಗದಗಿನವರ ಮುಂದೆ ನಾನೇನು ಹೇಳಲಿ? ನಾನು ಮಾತಾಡುವುದು ಅಲ್ಲಿಗೆ ಹೋಗುವ ದಾರಿಯ ಬಗ್ಗೆ.

ಲಕ್ಕುಂಡಿ ಈಗ ಮೇಲಿಂದ ಮೇಲೆ ಪೇಪರಿನಲ್ಲಿ ಬರುತ್ತಿದೆ. ಅಗೆತ ನಡೆದಿದೆ, ವಿಶ್ವ ಪರಂಪರೆ ಪಟ್ಟಿಗೆ ಸೇರಿಸಬೇಕು ಎನ್ನುತ್ತಿದ್ದಾರೆ. ಒಳ್ಳೆಯದೇ. ಗದಗಿನಿಂದ ಎಷ್ಟು ದೂರ? ಹನ್ನೊಂದು ಹನ್ನೆರಡು ಕಿಲೋಮೀಟರ್. ಆರಾಮಾಗಿ ನಡೆದರೂ ಮೂರು ತಾಸು. ಆದರೆ ಇವತ್ತು ನಡೆದು ಹೊರಟರೆ ಹೊಸಪೇಟೆ ಹೆದ್ದಾರಿಯ ಅಂಚಿನಲ್ಲೇ ಹೋಗಬೇಕು. ಲಾರಿ ಹೋದಾಗಲೆಲ್ಲ ಧೋತರ ಹಿಡಿದುಕೊಂಡು ನಿಲ್ಲಬೇಕು.

ನೀವು ಡಂಬಳದ ಶಾಸನ ಕೇಳಿರುತ್ತೀರಿ. 1095ರದ್ದು. ಬೌದ್ಧರ ದೇವತೆ ತಾರಾದೇವಿಯ ಸ್ತುತಿಯಿಂದ ಶುರುವಾಗುತ್ತದೆ. ಡಂಬಳದ ಹದಿನಾರು ಜನ ಶೆಟ್ಟರು ಕೂಡಿ ಬುದ್ಧನ ವಿಹಾರ ಕಟ್ಟಿಸಿದ್ದು ಅದರಲ್ಲಿದೆ. ಎಲ್ಲರೂ ಇಷ್ಟನ್ನು ಹೇಳುತ್ತಾರೆ. ನನಗೆ ಹಿಡಿಸಿದ್ದು ಅದರ ಮುಂದಿನದು. ತಾರಾದೇವಿಯ ವಿಹಾರ ಕಟ್ಟಿಸಿದವನು ಡಂಬಳದವನಲ್ಲ, ಲೊಕ್ಕಿಗುಂಡಿಯ ಶೆಟ್ಟಿ. ಅಂದರೆ ಲಕ್ಕುಂಡಿಯವನು. ಅವನು ಡಂಬಳಕ್ಕೆ ಹೇಗೆ ಹೋದ? ಗದಗಿಗೆ ಬಂದು ಬಸ್ ಬದಲಿಸಿ ಹೋಗಲಿಲ್ಲ. ನಾವು ಹಾಗೆ ಹೋಗುತ್ತೇವೆ! ನೆಟ್ಟಗೆ ಹೊಲದ ಮೇಲೆ ಹಾಯ್ದರೆ ಹನ್ನೆರಡು ಕಿಲೋಮೀಟರಿನ ಆಸುಪಾಸು. ಅವನ ಎತ್ತು, ಅವನ ಆಳು, ಅವನ ಸರಕು ಎಲ್ಲ ಅಲ್ಲೇ ಎಲ್ಲೋ ಎರಿ ಹೊಲದಲ್ಲಿ, ಆ ಕಪ್ಪು ಮಣ್ಣಿನಲ್ಲಿ, ಹಾಯ್ದು ಹೋಗಿರಬೇಕು.

ಆ ದಾರಿ ಈಗ ಎಲ್ಲಿದೆ ಎಂದು ಕೇಳಬೇಡಿ. ಅದೇ ದಾರಿ ಎಂದು ನಾನೂ ಹೇಳುವುದಿಲ್ಲ. ಆದರೆ ಊರಿಂದ ಊರಿಗೆ ದಾರಿಗಳು ಇವೆ. ಕಾಗದದಲ್ಲಿ ಇವೆ. 1840ರ ದಶಕದಲ್ಲಿ ಬ್ರಿಟಿಷ್ ಮೋಜಣಿ ಅಧಿಕಾರಿ ವಿಂಗೇಟ್ ಸಾಹೇಬನ ಕಾಲಕ್ಕೆ ನಮ್ಮ ಧಾರವಾಡ ಸೀಮೆಯಲ್ಲಿ ಮೋಜಣಿ ಶುರುವಾಯಿತು. ಅಲ್ಲಿಂದ ಮುಂದೆ ಊರಿಗೊಂದು ನಕಾಶೆ ಆಯಿತು. ಅದರಲ್ಲಿ ಜೋಡಿ ತುಂಡುಗೆರೆ ಇದ್ದರೆ ಬಂಡಿ ದಾರಿ. ಒಂಟಿ ಗೆರೆ ಇದ್ದರೆ ಕಾಲುದಾರಿ. ಊರ ಗಡಿ ಮುಟ್ಟಿದಲ್ಲಿ ಮುಂದೆ ಯಾವ ಊರಿಗೆ ಎಂದು ಬರೆದಿರುತ್ತದೆ. ನೀವು ಪಕ್ಕದ ಊರಿನ ನಕಾಶೆ ತಂದು ಜೋಡಿಸಬೇಕು, ಅಷ್ಟೇ. ನನ್ನ ಮಾತು ಇಷ್ಟೇ ಇದೆ: ಹೊಸ ದಾರಿ ಮಾಡಬೇಕಿಲ್ಲ, ಇದ್ದದ್ದನ್ನು ಬಿಡಿಸಿಕೊಂಡರೆ ಸಾಕು.

ಇಲ್ಲೊಂದು ಕಥೆ ಹೇಳಲೇಬೇಕು. ಕೆಲವರು ಈಗಾಗಲೇ ಕೇಳಿದ್ದೀರಿ, ಕ್ಷಮಿಸಿ. ನಾನು ನೌಕರಿಗೆ ಸೇರಿದ ಹೊಸತು. ಮುಂಡರಗಿ ಕಡೆಯ ಒಂದು ಊರು, ಹೆಸರು ಬೇಡ. ಒಬ್ಬ ಬಂಡಿ ದಾರಿಯನ್ನು ಉತ್ತು ಹತ್ತಿ ಬಿತ್ತಿದ್ದ. ಹಿಂದಿನ ಹೊಲದವನಿಗೆ ಚಕ್ಕಡಿ ಒಯ್ಯಲು ದಾರಿ ಇಲ್ಲ. ತಕರಾರು ಅರ್ಜಿ ಬಂತು. ನಮ್ಮ ಹಿರಿಯ ಸರ್ವೇಯರ್ ಸಾಹೇಬರು, ನಾನು, 33 ಅಡಿಯ ಸರಪಳಿ ಹೊತ್ತುಕೊಂಡು ಹೋದೆವು. ಅರ್ಧ ಊರು ಅಲ್ಲೇ ನೆರೆದಿತ್ತು. ಉತ್ತವನು ಒಂದೇ ಮಾತು ಹಿಡಿದಿದ್ದ. "ದಾರಿ ಇಲ್ರೀ ಸಾಹೇಬ್ರ. ನಮ್ಮ ಅಜ್ಜನ ಕಾಲದಿಂದ ಇಲ್ಲಿ ಪೀಕಾನ ಐತಿ."

ಅಳತೆ ಶುರು ಮಾಡೋಣ ಅಂದರೆ ಬಾಂದಗಲ್ಲು, ಅಂದರೆ ಗಡಿ ಗುರುತಿನ ಕಲ್ಲು, ಸಿಗಲಿಲ್ಲ. ಬಿಸಿಲು ನೆತ್ತಿಗೆ ಬಂತು. ಬೇವಿನ ಗಿಡದ ಕೆಳಗೆ ಕೂತಿದ್ದ ಒಬ್ಬ ಮುದುಕಿ ಅಲ್ಲಿಂದಲೇ ಅಂದಳು, "ಸರಪಳಿ ಯಾಕ ಬೇಕೋ ಯಪ್ಪಾ, ಅವನ ಮುದಿ ಎತ್ತು ಹೂಡಿ ಹಗ್ಗ ಸಡ್ಲ ಬಿಡ್ರಿ." ಜನ ನಕ್ಕರು. ನಮ್ಮ ಸಾಹೇಬರು ಮಾತ್ರ ನಗಲಿಲ್ಲ. "ಹೂಡ್ರಿ" ಅಂದರು. ಬರೀ ಚಕ್ಕಡಿ, ಮೇಲೆ ಒಬ್ಬ ಹುಡುಗ. ಎತ್ತು ಬದುವಿನ ಗುಂಟ ಸ್ವಲ್ಪ ದೂರ ಹೋಯಿತು. ಬೇವಿನ ಗಿಡ ದಾಟಿತು. ಆಮೇಲೆ ಎಡಕ್ಕೆ ಹೊರಳಿ, ಹತ್ತಿಯೊಳಗೆ ನುಗ್ಗಿ, ನೆಟ್ಟಗೆ ಹಳ್ಳದ ಕಡೆ ನಡೆಯಿತು! ಮಾಲಕ ಹಿಂದಿನಿಂದ ಬಡಿಗೆ ಹಿಡಿದು ಓಡಿದ. "ಹತ್ತಿ ತಿನ್ನಾಕ ಹೊಂಟೈತ್ರೀ ಅದು!" ಸಾಹೇಬರು ಅಂದರು, "ತಿನ್ನಾಕ ಹೋಗಿದ್ರ ತಲಿ ಕೆಳಗ ಹಾಕ್ತಿತ್ತಪ್ಪಾ."

ಸಂಜೆ ಹೊತ್ತಿಗೆ ಕಲ್ಲು ಸಿಕ್ಕಿತು. ಸರಪಳಿ ಹಿಡಿದೆವು. ನಕಾಶೆಯ ಗೆರೆಗೂ ಎತ್ತಿನ ಹೆಜ್ಜೆಗೂ ಒಂದು ಮಾರು ವ್ಯತ್ಯಾಸ. ಪಂಚನಾಮೆಯಲ್ಲಿ ಎತ್ತಿನ ಸಾಕ್ಷಿ ಬರೆಯಬೇಕೆಂದು ನನಗೆ ಬಹಳ ಆಸೆ ಇತ್ತು. "ಹೆಬ್ಬೆಟ್ಟು ಎಲ್ಲಿ ಒತ್ತಸ್ತಿ?" ಅಂದರು ಸಾಹೇಬರು.

ಕಥೆ ಉದ್ದವಾಯಿತು. ವಿಷಯಕ್ಕೆ ಬರುತ್ತೇನೆ. ಈಗ ಎತ್ತುಗಳೇ ಇಲ್ಲ. ಟ್ರ್ಯಾಕ್ಟರ್ ಡಾಂಬರು ರಸ್ತೆಯಿಂದ ಬರುತ್ತದೆ. ಪಕ್ಕದೂರಿಗೆ ಬೈಕ್ ಇದೆ. ಯಾರೂ ನಡೆಯದ ದಾರಿಯನ್ನು ರೈತ ಎರಡು ಸಾಲು ಜಾಸ್ತಿ ಉಳುತ್ತಾನೆ. ಅವನನ್ನು ಬೈದು ಏನು ಪ್ರಯೋಜನ? ಹೊಲ ಅಣ್ಣತಮ್ಮಂದಿರಲ್ಲಿ ಹಂಚಿ ಹಂಚಿ ಗುಂಟೆ ಲೆಕ್ಕಕ್ಕೆ ಬಂದಿದೆ. ಇಂಗ್ಲೆಂಡಿನಲ್ಲಿ 1949ರ ಕಾಯ್ದೆಯಂತೆ ಸಾರ್ವಜನಿಕ ಕಾಲುದಾರಿಗಳನ್ನು ನಕಾಶೆಗೆ ಏರಿಸಿದ್ದಾರೆ. ಹೊಲದ ನಡುವೆ ಹಾಯುವ ದಾರಿಯನ್ನು ಅಲ್ಲಿನ ರೈತ ಬಿತ್ತನೆಗೆಂದು ಉಳಬಹುದು. ಆದರೆ 14 ದಿನದೊಳಗೆ ಮತ್ತೆ ನಡೆಯುವ ಹಾಗೆ ಮಾಡಿಕೊಡಬೇಕು. ರೈತನಿಗೂ ಉಳುಮೆ ತಪ್ಪಲಿಲ್ಲ, ನಡೆಯುವವನಿಗೂ ದಾರಿ ತಪ್ಪಲಿಲ್ಲ. ನಮ್ಮಲ್ಲಿ ನಕಾಶೆ ಅದಕ್ಕಿಂತ ನೂರು ವರ್ಷ ಮೊದಲೇ ಆಗಿದೆ. ಗೆರೆ ಇದೆ, ನಡೆಯುವವರಿಲ್ಲ. ಇದ್ದದ್ದನ್ನು ಬಿಡಿಸಿಕೊಂಡರೆ ಸಾಕು ಎಂದು ಅದಕ್ಕೇ ಹೇಳಿದ್ದು.

ನಕಾಶೆಗೆ ಈಗ ಕಚೇರಿಗೆ ಅಲೆಯಬೇಕಿಲ್ಲ. ಭೂಮಾಪನ ಇಲಾಖೆಯ ಜಾಲತಾಣದಲ್ಲಿ ಗ್ರಾಮ ನಕಾಶೆ ಸಿಗುತ್ತದೆ. ಮೊಬೈಲಿನಲ್ಲಿ ದಿಶಾಂಕ್ ಆ್ಯಪ್ ತೆರೆದರೆ ನೀವು ನಿಂತ ಹೊಲದ ಸರ್ವೆ ನಂಬರ್ ತೋರಿಸುತ್ತದೆ. ನಕಾಶೆ ಕಂಡ ದಾರಿಯನ್ನು, ಅಂದರೆ ನಕಾಶೆಯಲ್ಲಿ ಗೆರೆ ಇರುವ ದಾರಿಯನ್ನು, ಯಾರಾದರೂ ಮುಚ್ಚಿದ್ದರೆ ತಹಶೀಲ್ದಾರರಿಗೆ ಅರ್ಜಿ ಕೊಡಬಹುದು. ಆದರೆ ಮೊದಲು ಅರ್ಜಿ ಬೇಡ. ಮೊದಲು ಹೊಲದವರ ಹತ್ತಿರ ಕೂತು ಒಂದು ಕಪ್ ಚಹಾ ಕುಡಿಯಿರಿ.

ಯಾವಾಗ ನಡೆಯಬೇಕು? ಮಳೆಗಾಲದಲ್ಲಿ ಬೇಡವೇ ಬೇಡ. ಎರಿ ಮಣ್ಣು ಒಂದೊಂದು ಚಪ್ಪಲಿಗೆ ಎರಡು ಕೇಜಿ ಹತ್ತುತ್ತದೆ. ಎಳ್ಳ ಅಮಾವಾಸ್ಯೆಯ ಆಸುಪಾಸು ಚೆಂದ. ಬಿಳಿಜೋಳ ತೆನೆ ಹಿಡಿದಿರುತ್ತದೆ, ಕಡಲೆ ಕಾಯಿ ಕಟ್ಟಿರುತ್ತದೆ. ಚರಗ ಚೆಲ್ಲಲು, ಅಂದರೆ ಹೊಲಕ್ಕೆ ಪೂಜೆ ಮಾಡಿ ಎಡೆ ಎರಚಲು, ಬಂದವರು ಕರೆದು ಊಟಕ್ಕೆ ಕೂರಿಸುತ್ತಾರೆ. ಸುಮ್ನೆ ಹೇಳುತ್ತಿಲ್ಲ, ಮೂರು ತಾಸಿನ ದಾರಿ ಆರು ತಾಸು ಆಗುವುದು ಇದರಿಂದಲೇ. ಆದರೆ ಕೇಳದೆ ಸುಲಗಾಯಿ, ಅಂದರೆ ಹಸಿ ಕಡಲೆ, ಕೀಳಬೇಡಿ. ದಾರಿ ಕೇಳಲು ಬಂದವರಿಗೆ ಅದು ಶೋಭಿಸುವುದಿಲ್ಲ.

ಅಧ್ಯಕ್ಷರು ಗಡಿಯಾರ ನೋಡುತ್ತಿದ್ದಾರೆ. ಡಂಬಳದಿಂದ ಮುಂದೆ ಕಪ್ಪತಗುಡ್ಡದ ಕಡೆ ಹೋಗುವುದರ ಬಗ್ಗೆ ಬರೆದುಕೊಂಡು ಬಂದಿದ್ದೆ. ಅದು 2019ರಿಂದ ವನ್ಯಜೀವಿ ಧಾಮ, ಅಲ್ಲಿ ಅರಣ್ಯ ಇಲಾಖೆಯ ಅನುಮತಿ ಬೇಕು, ಇಷ್ಟು ಸಾಕು. ನಮ್ಮ ಜಿಲ್ಲೆಯ ಮಾಗಡಿ ಕೆರೆಯ ಬಾತುಗಳನ್ನು ಇನ್ನೊಮ್ಮೆ ನೋಡೋಣ, ಚಳಿಗಾಲಕ್ಕೆ ಅವು ಹೇಗೂ ಬರುತ್ತವೆ. ಕುಡಿಯುವ ನೀರು, ನಾಯಿ ಕಾಟ, ಹೆಣ್ಣುಮಕ್ಕಳು ಒಬ್ಬರೇ ನಡೆಯಬಹುದೇ ಎನ್ನುವುದು, ಇವೆಲ್ಲ ದೊಡ್ಡ ಪ್ರಶ್ನೆಗಳು. ಒಂದು ನಿಮಿಷದಲ್ಲಿ ಮುಗಿಸುವಂಥವಲ್ಲ. ಕೊನೆಯದಕ್ಕೆ ಉತ್ತರ ಕೊಡಬೇಕಾದವನು ನಾನಲ್ಲ, ಇಲ್ಲಿ ಕೂತಿರುವ ಅಕ್ಕಂದಿರು.

ಭಾನುವಾರ ಬೆಳಿಗ್ಗೆ ಆರಕ್ಕೆ ವೀರನಾರಾಯಣ ಗುಡಿಯ ಮುಂದೆ ನಿಂತಿರುತ್ತೇನೆ. ನಕಾಶೆಗಳ ಪ್ರತಿ ನನ್ನ ಹತ್ತಿರ ಇವೆ. ನೀರಿನ ಬಾಟಲಿ, ತಲೆಗೆ ಒಂದು ಟವೆಲ್ ತನ್ನಿ. ತಿರುಗಿ ಬರಲು ಲಕ್ಕುಂಡಿಯಿಂದ ಬಸ್ಸು ಜಾಸ್ತಿ ಇವೆ. ಏನಂದಿರಿ? ಮಿರ್ಚಿ ಭಜಿನಾ? ಅದನ್ನು ಬಂದ ಮೇಲೆ ತಿನ್ನೋಣ ಸರ್, ಮೊದಲೇ ತಿಂದರೆ ಯಾರೂ ಹೊರಡುವುದಿಲ್ಲ.